ಹಲಸಿಯ ರಾಜನ ಮೂರನೆಯ ದಿನ

ಸಿದರಾಯನನ್ನು ಮಣ್ಣು ಮಾಡಿ ಮೂರು ದಿನವಾಗಿತ್ತು. ಫಕೀರವ್ವ ಬೆಳಕು ಹರಿಯುತ್ತಲೇ ಎದ್ದು ಅಕ್ಕಿರೊಟ್ಟಿ ಬಡಿದಳು, ಒಣ ಸಿಗಡಿ ಚಟ್ನಿ ಅರೆದಳು, ಒಂದು ಕಟ್ಟು ಬೀಡಿ ಇಟ್ಟುಕೊಂಡಳು. ಗಂಡನಿಗೆ ಸೇರುತ್ತಿದ್ದುದು ಇಷ್ಟೇ. ಗೋರಿಯ ಮೇಲೆ ಎಡೆ ಇಟ್ಟರೆ ಕಾಗೆ ಬಂದು ಮುಟ್ಟಬೇಕು. ಮುಟ್ಟದಿದ್ದರೆ ಸತ್ತವನ ಮನಸ್ಸಿನಲ್ಲಿ ಏನೋ ಉಳಿದಿದೆ ಎಂದು ಅರ್ಥ. ಏನು ಉಳಿದಿರಬಹುದು ಎಂಬುದು ಅವಳಿಗೆ ಗೊತ್ತಿತ್ತು. ಅದಕ್ಕೇ ಕಾಗೆ ಬರಲೇಬೇಕಾಗಿತ್ತು.

ಸಿದರಾಯ ಹಲಸಿಯ ಕುರಿಗಾರ. ಅರವತ್ತು ದಾಟಿದವನು, ಎತ್ತರದ ಆಳು, ಬಿಳಿಯ ದಪ್ಪ ಮೀಸೆ. ಹೋದ ವರ್ಷ ಊರಿನ ಕದಂಬರ ಕಾಲದ ಗುಡಿಯ ಕಟ್ಟೆಯ ಮೇಲೆ ಬುತ್ತಿ ಉಣ್ಣುತ್ತಿದ್ದಾಗ ಬೆಳಗಾವಿಯ ದಿಗಂಬರ ಎಂಬವನು ಮೊಬೈಲ್ ಹಿಡಿದು ಬಂದ. ಅವನದೊಂದು ಯೂಟ್ಯೂಬ್ ಚಾನೆಲ್. ಸಿದರಾಯನ ತಲೆಗೆ ಕೆಂಪು ಪಟಕಾ ಸುತ್ತಿ ವಿಡಿಯೊ ಮಾಡಿದ. ಕದಂಬ ರಾಜರ ಕಡೆಯ ಕುಡಿ ಇವರೇ ಎಂದು ಹಾಕಿಬಿಟ್ಟ.

"ನಾ ಕುರುಬರಾಂವ್ರಿ, ರಾಜಾ ಎಲ್ಲಿಂದ ಆದೆ?" ಎಂದು ಸಿದರಾಯ ಹೇಳಿದ್ದ. ವಿಡಿಯೊದಲ್ಲಿ ಆ ಮಾತು ಇರಲಿಲ್ಲ.

ಮಂದಿ ಬರತೊಡಗಿದರು. ಕಾಲು ಮುಟ್ಟಿದರು. ಅವನ ತೊಡೆಯ ಮೇಲೆ ಮಕ್ಕಳನ್ನು ಕೂರಿಸಿ ಫೋಟೊ ತೆಗೆದರು. ಅಡವಿಗೆ ಹೊರಟರೆ, ರಾಜರು ಕುರಿ ಕಾಯಬಾರದು ಎಂದು ತಡೆದರು. ಕಾಯುವವರಿಲ್ಲದೆ ಕುರಿ ಸೊರಗಿದವು. ಕಡೆಗೆ ಗಂಡ ಹೆಂಡತಿ ಅವನ್ನು ಮಾರಿದರು.

ಮೊದಮೊದಲು ಫಕೀರವ್ವನಿಗೂ ನಗು. "ರಾಜಾಸಾಹೇಬ್ರ, ಸಿಂಹಾಸನ ಬಿಟ್ಟ ಏಳ್ರಿ, ಕಸಾ ಹೊಡಿಬೇಕು" ಎನ್ನುತ್ತಿದ್ದಳು. ಅವನೂ ನಗುತ್ತಿದ್ದ. ಕುರಿ ಹೋದ ಮೇಲೆ ನಗಲಿಲ್ಲ. ಬರಿದಾದ ದೊಡ್ಡಿಯ ಬಾಗಿಲಲ್ಲಿ ಕುಳಿತು ಬೀಡಿ ಸೇದುತ್ತಿದ್ದ.

ಬೆಳಗಾವಿಯ ರಾಮತೀರ್ಥ ನಗರದಲ್ಲಿ ಸೀರೆ ಅಂಗಡಿಯೊಂದರ ಉದ್ಘಾಟನೆಗೆ ಕರೆ ಬಂತು.

"ನಾ ಒಲ್ಲೆ. ಎದಿ ಹಿಡದಂಗ ಆಗೇತಿ" ಎಂದ.

"ಒಂದ ಸೀರಿ ಕೊಡ್ತಾರಂತ. ಕುರ್ಚಿ ಮ್ಯಾಲ ಕುಂದ್ರಾಕ ಏನ ತ್ರಾಸು? ಹೋಗಿ ಬರ್ರಿ" ಎಂದಳು ಫಕೀರವ್ವ.

ಹೋದ.

ಅಲ್ಲಿ ನಡೆದದ್ದನ್ನು ಅವಳು ಆಮೇಲೆ ಮೊಬೈಲಿನಲ್ಲಿ ನೋಡಿದಳು. ಮಖಮಲ್ಲಿನ ಕೋಟು, ಬೆವರಿದ ಮುಖ. ಸಿದರಾಯ ಎದೆಯ ಮೇಲೆ ಕೈ ಇಟ್ಟುಕೊಂಡ. ಅದು ರಾಜರ ನಮಸ್ಕಾರ ಎಂದುಕೊಂಡು ಎದುರಿಗಿದ್ದವರೂ ಎದೆಯ ಮೇಲೆ ಕೈ ಇಟ್ಟು ತಲೆ ಬಾಗಿಸಿದರು. ಅವನು ಕುರ್ಚಿಯಿಂದ ಜಾರಿ ಬೀಳುವ ತನಕ ಯಾರೂ ಮೊಬೈಲ್ ಇಳಿಸಲಿಲ್ಲ. ಹೆಣದ ಜೊತೆ ಸೀರೆಯ ಚೀಲವೂ ಮನೆಗೆ ಬಂತು.

ಮೂರನೆಯ ದಿನ ಫಕೀರವ್ವ, ಗಂಡನ ಅಕ್ಕ ಭೀಮಕ್ಕನ ಜೊತೆ ಎಡೆ ಹೊತ್ತು ಹೊಲಕ್ಕೆ ಹೋದಾಗ ಗೋರಿಯ ಸುತ್ತ ನೂರು ಮಂದಿ ನಿಂತಿದ್ದರು. ಮೇಲೆ ಡ್ರೋನ್ ಹಾರುತ್ತಿತ್ತು. ಕಾಗೆಗಳು ದೂರದ ಮಾವಿನ ಮರದಲ್ಲಿ ಕುಳಿತಿದ್ದವು.

"ದೂರ ಸರೀರಿ, ಕಾಗಿ ಅಂಜತಾವ" ಎಂದಳು ಭೀಮಕ್ಕ.

"ಸುಮ್ನ ನಿಂತೇವ್ರಿ ಮಾವಶಿ. ಕಾಗಿ ಮುಟ್ಟೂದ ಅಷ್ಟ ಮೊಬೈಲ್‌ನ್ಯಾಗ ಹಿಡಕೊಂಡ ಹೋಗ್ತೇವಿ" ಎಂದ ದಿಗಂಬರ.

"ನಿಮ್ಮವ್ವ ಸತ್ತಾಗ ಹಿಡಕೋ ಹೋಗ" ಎಂದಳು ಭೀಮಕ್ಕ.

ಯಾರೋ ನಕ್ಕರು. ಪಟ್ಟಣದ ಹೆಂಗಸೊಬ್ಬಳು ಪಕ್ಕದವಳನ್ನು ಕೇಳಿದಳು: "ಇವರೊಳಗ ರಾಣಿಸಾಹೇಬ್ರು ಯಾರ್ರಿ?"

ಫಕೀರವ್ವ ಮುತ್ತುಗದ ಎಲೆ ಹಾಸಿ ಎಡೆ ಇಟ್ಟಳು. ಹಿಂದೆ ಸರಿದು ಕೈ ಮುಗಿದಳು. "ಸೀರಿ ಉಡಂಗಿಲ್ಲ. ಒಲಿಗೆ ಹಾಕತೇನಿ. ಬರ್ರಿ" ಎಂದು ತುಟಿಯೊಳಗೇ ಅಂದಳು.

ಒಂದು ಕಾಗೆ ಮರ ಬಿಟ್ಟು ಇತ್ತ ಬಂತು. ಡ್ರೋನ್ ಕೆಳಗಿಳಿಯಿತು. ಕಾಗೆ ತಿರುಗಿ ಹೋಯಿತು. ಮತ್ತೆ ಯಾವುದೂ ಬರಲಿಲ್ಲ.

ಹೊತ್ತು ನೆತ್ತಿಗೆ ಬಂತು. ರೊಟ್ಟಿಗೆ ಇರುವೆ ಹತ್ತಿದವು.

"ಏಳ. ಚಟ್ನಿ ತಗದ ರೊಟ್ಟಿ ಆಕಳಿಗೆ ಹಾಕೂಣು" ಎಂದಳು ಭೀಮಕ್ಕ.

"ಮಂದಿಗೆ ಅಂಜಿ ಬರಲಿಲ್ಲೇನಕ್ಕಾ? ಇಲ್ಲಾ ನನ್ನ ಮ್ಯಾಲಿನ ಸಿಟ್ಟೋ? ಒಲ್ಲೆ ಅಂದ್ರೂ ನಾನ ಕಳಿಸಿದೆ."

ಭೀಮಕ್ಕ ಅವಳ ಮುಖ ನೋಡಿದಳು. ಬಗ್ಗಿ ಎಲೆ ಮಡಚಿದಳು.

ಸಂಜೆ ಫಕೀರವ್ವ ಸೀರೆಯನ್ನು ಒಲೆಗೆ ಹಾಕಿದಳು. ಮರುದಿನ ಮತ್ತೆ ರೊಟ್ಟಿ ಬಡಿದಳು.

"ಮೂರನೇ ದಿನಾ ಹೋತು. ಇನ್ನ ಏನ ಮಾಡಿದ್ರೂ ಅಷ್ಟ" ಎಂದಳು ಭೀಮಕ್ಕ.

ಆದರೂ ಫಕೀರವ್ವ ಒಬ್ಬಳೇ ಹೋದಳು. ಗೋರಿಯ ಬಳಿ ಆಗಲೇ ಮೂರು ಬೈಕು ನಿಂತಿದ್ದವು. ಅವಳು ಗಂಟು ಬಿಚ್ಚದೆ ತಿರುಗಿ ಬಂದಳು.