ಡ್ರಿಲ್ ಚಂದ್ರಯ್ಯನವರು ಕಾಲೇಜು ಖಾಲಿ ಮಾಡಿಸಿದ್ದು

ಹಾಸನದಲ್ಲಿ ಆ ಕಾಲಕ್ಕೆ ಚಂದ್ರಯ್ಯ ಅನ್ನುವ ಹೆಸರಿನವರು ಬೀದಿಗೊಬ್ಬರಿದ್ದರು. ಆದರೆ ಡ್ರಿಲ್ ಚಂದ್ರಯ್ಯ ಅಂದರೆ ಒಬ್ಬರೇ. ಹುಟ್ಟಿದ್ದು ಹೊಳೆನರಸೀಪುರ, ಹೊಳೆಯಲ್ಲಿ ಈಜಿ ಬೆಳೆದ ಮೈ. ಅರಕಲಗೂಡಿನ ಮಿಡ್ಲ್‌ಸ್ಕೂಲಿನಲ್ಲಿ ವರ್ಷಗಟ್ಟಲೆ ಹುಡುಗರ ಕೈಕಾಲು ಆಡಿಸಿ, ಮೂವತ್ತೆಂಟನೇ ಇಸವಿಯಲ್ಲಿ ಹಾಸನಕ್ಕೆ ಬಂದು, ಊರ ಪ್ರಮುಖರು ಸೇರಿ ನಡೆಸುತ್ತಿದ್ದ ಕಾಲೇಜೊಂದಕ್ಕೆ ಡ್ರಿಲ್ ಮೇಷ್ಟ್ರಾದರು. ಖಾಕಿ ಚಡ್ಡಿ, ಹಣೆಯ ತುಂಬ ವಿಭೂತಿ, ಕೊರಳಲ್ಲಿ ಶಿವದಾರ, ಅದರ ಜೊತೆಗೆ ಇನ್ನೊಂದು ದಾರ, ಅದರ ತುದಿಗೊಂದು ಸೀಟಿ. ಎರಡು ದಾರಕ್ಕೂ ಅವರದು ಒಂದೇ ಭಕ್ತಿ. ಕೋಪ ಮೂಗಿನ ತುದಿಯಲ್ಲೇ ಇರುತ್ತಿತ್ತು, ಆದರೆ ಅಲ್ಲಿಂದ ಕೆಳಗಿಳಿದು ಯಾರನ್ನೂ ಸುಟ್ಟದ್ದಿಲ್ಲ. ಹೆಂಡತಿ ಬಸವಲಿಂಗಮ್ಮ. ಮಕ್ಕಳಿರಲಿಲ್ಲ. ಯಾರಾದರೂ ಅಯ್ಯೋ ಪಾಪ ಅಂದರೆ ಆಕೆ ಬಿಡುತ್ತಿರಲಿಲ್ಲ. ಬೆಳಗಾದರೆ ಇನ್ನೂರು ಜನಕ್ಕೆ 'ಎದೆ ಎತ್ರೋ' ಅಂತ ಕೂಗುವ ಗಂಡಸಿಗೆ ಇನ್ನೆಷ್ಟು ಮಕ್ಕಳು ಬೇಕು ಎಂದು ಅವರ ಬಾಯಿ ಮುಚ್ಚಿಸುತ್ತಿದ್ದಳು.

ನಲವತ್ತೆರಡನೇ ಇಸವಿಯ ಬೇಸಿಗೆ. ವಿಶಾಖಪಟ್ಟಣದ ಮೇಲೆ ಜಪಾನಿನವರು ಬಾಂಬು ಹಾಕಿದರೆಂಬ ಸುದ್ದಿ ಬಂತು. ಮದರಾಸಿನಲ್ಲಿದ್ದ ನೆಂಟರು ಗಂಟುಮೂಟೆ ಕಟ್ಟಿಕೊಂಡು ಹಾಸನದ ತನಕ ಬಂದು ಇಳಿದರು. ರಾತ್ರಿ ವಿಮಾನಕ್ಕೆ ದೀಪ ಕಾಣಬಾರದೆಂದು ಕಿಟಕಿಯ ಗಾಜಿಗೆಲ್ಲ ಕಪ್ಪು ಕಾಗದ ಹತ್ತಿತು. ಜಪಾನಿನವನು ಅಷ್ಟು ದೂರದಿಂದ ನಮ್ಮೂರ ಆಲೂಗೆಡ್ಡೆ ಕೀಳೋಕೆ ಬರುತ್ತಾನಾ ಎಂದು ನಗುವವರು ನಕ್ಕರು; ನಕ್ಕವರೇ ಕತ್ತಲಾದ ಮೇಲೆ ಆಕಾಶ ನೋಡಿದರು. ಜೂನಿನಲ್ಲಿ ಕಾಲೇಜು ತೆರೆದಾಗ ಮೇಲಿನಿಂದ ಹುಕುಂ ಬಂತು: ಅಪಾಯದ ಗಂಟೆ ಹೊಡೆದರೆ ಕಟ್ಟಡ ಪೂರ್ತಿ ಖಾಲಿಯಾಗಬೇಕು, ಅದಕ್ಕೆ ವಿದ್ಯಾರ್ಥಿಗಳಿಂದಲೇ ಸ್ವಯಂಸೇವಕರ ತಂಡ ಕಟ್ಟಬೇಕು. ಪ್ರಿನ್ಸಿಪಾಲರು ಆ ಹೊರೆಯನ್ನು ಚಂದ್ರಯ್ಯನವರ ತಲೆಗೆ ಕಟ್ಟಿದರು. ಹೊರೆಯಾ? ಜೀವಮಾನದಲ್ಲಿ ಮೊದಲ ಸಲ ಪ್ರಿನ್ಸಿಪಾಲರ ಎದುರು ಕುರ್ಚಿ ಸಿಕ್ಕಿದ ಮನುಷ್ಯನಿಗೆ ಅದು ಪಲ್ಲಕ್ಕಿ.

ಕೋಣೆಗೊಂದು ತಂಡ. ಒಬ್ಬ ಮುಂದೆ ನಡೆದು ದಾರಿ ತೋರಿಸುವವನು, ಒಬ್ಬ ಹಿಂದೆ ಉಳಿದು ಬೆಂಚಿನ ಕೆಳಗೆ ಬಗ್ಗಿ ನೋಡಿ ಬಾಗಿಲು ಎಳೆದುಕೊಂಡು ಬರುವವನು. ಓಡಕೂಡದು, ಮಾತಾಡಕೂಡದು, ಬಯಲಿನ ಗೋಣಿಮರದ ಹತ್ತಿರ ಸಾಲು ನಿಲ್ಲಬೇಕು. ಈ ತಂಡಗಳಿಗೆ ಅವರು ಯಾರನ್ನು ಆರಿಸಿದರು ಗೊತ್ತೇ? ಮೊದಲ ಬೆಂಚಿನ ಜಾಣರನ್ನಲ್ಲ. ಪಾಠ ತಪ್ಪಿಸಿಕೊಂಡು ಹೋಟೆಲಿಗೆ ಓಡುತ್ತಿದ್ದ ಪುಂಡರನ್ನು, ಪುಟ್ಟಸ್ವಾಮಿ ಅಂಥವರನ್ನು. ಯಾವ ಕಿಟಕಿಯ ಸರಳು ಸಡಿಲ, ಯಾವ ಬಾಗಿಲು ಕಿರುಗುಟ್ಟುವುದಿಲ್ಲ ಅನ್ನುವುದು ಅವರಿಗಲ್ಲದೆ ಯಾರಿಗೆ ಗೊತ್ತಿರಬೇಕು. ಕಾಲೇಜಿನ ಕನ್ನಡ ಪಂಡಿತರು ಮುಖ ಸಿಂಡರಿಸಿದರು. ಚಂದ್ರಯ್ಯನವರು ಕಿವಿಗೆ ಹಾಕಿಕೊಳ್ಳಲಿಲ್ಲ.

ಮೊದಲ ತಾಲೀಮಿನ ದಿನ ರೈಲುಕಂಬಿಯ ಗಂಟೆ ಬಡಿದದ್ದೇ ತಡ, ಇಡೀ ಕಾಲೇಜು ನೀರು ಚೆಲ್ಲಿದ ಹಾಗೆ ಬಯಲಿಗೆ ಹರಿದು ಬಂದು ಸಾಲಾಗಿ ನಿಂತಿತು. ಪ್ರಿನ್ಸಿಪಾಲರು ಕೈಕುಲುಕಿದರು. ಚಂದ್ರಯ್ಯನವರ ಎದೆ ಅವರು ಹುಡುಗರಿಗೆ ಹೇಳುತ್ತಿದ್ದ ಮಟ್ಟಕ್ಕೆ ಎದ್ದಿತು. ಆಮೇಲೆ ಸಾಲುಗಳ ಮೇಲೆ ಕಣ್ಣಾಡಿಸಿದರು. ಹೆಣ್ಣುಮಕ್ಕಳು ಒಬ್ಬರೂ ಇಲ್ಲ!

ಈಗಿನವರಿಗೆ ಇದನ್ನು ಬಿಡಿಸಿ ಹೇಳಬೇಕು. ಆಗ ಕಾಲೇಜಿನ ಹುಡುಗಿಯರು ತಾವಾಗಿ ಎಲ್ಲಿಗೂ ನಡೆಯುತ್ತಿರಲಿಲ್ಲ. ಹಿಂದುಗಡೆ ಅವರದೊಂದು ಕೋಣೆ, ಬಾಗಿಲಿಗೆ ಪರದೆ, ಕಾವಲಿಗೆ ಆಯಾ ಶಿವಗಂಗಮ್ಮ. ಪಾಠದ ಮೇಷ್ಟ್ರು ಪರದೆಯ ಮುಂದೆ ಬಂದು ಕೆಮ್ಮಬೇಕು. ಆಗ ಅವರ ಹಿಂದೆ ತಲೆತಗ್ಗಿಸಿ ಸಾಲಾಗಿ ಹೊರಟು, ಪಾಠ ಮುಗಿದ ಮೇಲೆ ಅದೇ ಮೇಷ್ಟ್ರ ಹಿಂದೆ ಮತ್ತೆ ಕೋಣೆ ಸೇರಬೇಕು. ಅವತ್ತು ಗಂಟೆ ಕೇಳಿದ ಗಣಿತದ ಮೇಷ್ಟ್ರು ಪುಸ್ತಕ ಮುಚ್ಚಿ, ಎಂದಿನ ರೂಢಿಯಂತೆ ಏಳು ಜನ ಹುಡುಗಿಯರನ್ನೂ ಕರೆದೊಯ್ದು ಕೋಣೆಯೊಳಗೆ ಬಿಟ್ಟು, ತಮ್ಮ ಜವಾಬ್ದಾರಿ ಮುಗಿಯಿತೆಂದು ಬಯಲಿಗೆ ಬಂದು ನಿಂತಿದ್ದರು. ಚಂದ್ರಯ್ಯನವರು ಓಡಿಹೋಗಿ ನೋಡಿದರೆ ಶಿವಗಂಗಮ್ಮ ಒಳಗಿನಿಂದ ಅಗಣಿಯನ್ನೂ ಹಾಕಿಕೊಂಡಿದ್ದಳು. "ಯಾರೂ ಬಂದು ಕೆಮ್ನಿಲ್ವಲ್ಲ ಸಾ, ನಾನೆಂಗೆ ಕಳಿಸ್ಲಿ?" ಅಂದಳು.

ಬಯಲಲ್ಲಿ ಎಲ್ಲರೂ ನಕ್ಕರು. ಚಂದ್ರಯ್ಯನವರಿಗೆ ನಗು ಬರಲಿಲ್ಲ. ಆ ಏಳರಲ್ಲಿ ಒಬ್ಬಳು ನೀಲಾಂಬಿಕೆ, ಅವರ ಮನೆಯಲ್ಲೇ ಇದ್ದು ಓದುತ್ತಿದ್ದ ಹುಡುಗಿ. ಚನ್ನರಾಯಪಟ್ಟಣದ ಜವಳಿ ಅಂಗಡಿ ಈಶ್ವರಯ್ಯನವರ ಮಗಳು; ಈಶ್ವರಯ್ಯನವರಿಗೆ ಬಸವಲಿಂಗಮ್ಮ ದೂರದ ಅಕ್ಕನಾಗಬೇಕು. ಹುಡುಗಿ ಹೈಸ್ಕೂಲು ಮುಗಿಸಿದಾಗ ಗಂಡ ಹೆಂಡತಿ ಇಬ್ಬರೂ ಹೋಗಿ, ಕಾಲುಹಿಡಿಯುವುದೊಂದು ಬಾಕಿ, ಬೇಡಿಕೊಂಡು ಕರೆತಂದಿದ್ದರು. ಬಂದ ಒಂದು ವರ್ಷಕ್ಕೆ, ಮೂಕವಾಗಿದ್ದ ಆ ಮನೆಗೆ ಮಾತು ಬಂದಿತ್ತು. ಮಾವ, ಅತ್ತೆ ಅನ್ನುವ ಕೂಗಿಗೆ ಇಬ್ಬರೂ ಒಟ್ಟಿಗೇ ಓಗೊಡುತ್ತಿದ್ದರು. ಬಾಂಬು ಬೀಳಲಿ ಬಿಡಲಿ, ಲ್ಯಾಬೊರೇಟರಿಯ ಸ್ಪಿರಿಟ್ಟಿಗೆ ಒಂದು ಕಿಡಿ ಬಿದ್ದರೂ ಸಾಕು, ಊರೆಲ್ಲ ಬಯಲಲ್ಲಿ ನಿಂತಿರುವಾಗ ಆ ಮಗು ಅಗಣಿ ಹಾಕಿದ ಕೋಣೆಯಲ್ಲಿ ಕೆಮ್ಮಿಗೆ ಕಾಯುತ್ತ ಕೂತಿರುತ್ತದೆ ಅನ್ನುವುದು ನೆನೆದು ಅವರಿಗೆ ಅನ್ನ ಇಳಿಯಲಿಲ್ಲ.

ಮರುದಿನವೇ ಹುಡುಗಿಯರದೇ ಒಂದು ತಂಡ ಮಾಡಿದರು. ನೀಲಾಂಬಿಕೆ ಅದರ ಮುಖ್ಯಸ್ಥೆ. ಅವಳ ಕೈಗೊಂದು ಸೀಟಿ ಕೊಟ್ಟರು. ಗಂಟೆಯಾದರೆ ಯಾವ ಮೇಷ್ಟ್ರಿಗೂ ಕಾಯದೆ ಅವಳು ಸೀಟಿ ಊದಬೇಕು, ಉಳಿದವರು ಅವಳ ಹಿಂದೆ ನಡೆಯಬೇಕು. ಶಿವಗಂಗಮ್ಮ ಕೊನೆಯವಳಾಗಿ ಬಾಗಿಲು ಎಳೆದುಕೊಂಡು ಬರಬೇಕು. ಎರಡು ವಾರದಲ್ಲಿ ಆ ತಂಡ ಪುಟ್ಟಸ್ವಾಮಿಯ ತಂಡಕ್ಕಿಂತ ಮೊದಲೇ ಗೋಣಿಮರ ಮುಟ್ಟುವ ಹಾಗಾಯಿತು.

ಊರ ಬಾಯಿಗೆ ಅಗಣಿ ಉಂಟೇ? ಚನ್ನರಾಯಪಟ್ಟಣಕ್ಕೆ ಸುದ್ದಿ ಹೋಯಿತು. ಹೆಣ್ಣುಮಗಳು ಸೀಟಿ ಊದುತ್ತಾಳಂತೆ, ಗಂಡು ಹುಡುಗರ ನಡುವೆ ಬಯಲಲ್ಲಿ ನಿಂತು ಹುಕುಂ ಮಾಡುತ್ತಾಳಂತೆ. ಈಶ್ವರಯ್ಯನವರು ಮೊದಲ ಬಸ್ಸಿಗೇ ಬಂದಿಳಿದರು. ಎತ್ತರದ ಆಳು, ಜರಿಯ ರುಮಾಲು, ಮಾತು ಕಡಿಮೆ. ಅಕ್ಕ ಕೊಟ್ಟ ಕಾಫಿಯನ್ನು ಮುಟ್ಟಲಿಲ್ಲ. ತಿಪಟೂರಿನ ಕಡೆಯ ಒಂದು ಗಂಡು ಬಂದಿದೆ, ಇವತ್ತೇ ಕರೆದೊಯ್ಯುತ್ತೇನೆ ಅಂದರು. ಬಸವಲಿಂಗಮ್ಮ ಅತ್ತಳು, ಬೈದಳು, ಮತ್ತೆ ಅತ್ತಳು. ಕೊನೆಗೆ ಅವರು ಒಂದು ಮೆಟ್ಟಿಲು ಇಳಿದರು: ತಿಂಗಳ ಕೊನೆಗೆ ಊರ ಗಣ್ಯರ ಮುಂದೆ ದೊಡ್ಡ ತಾಲೀಮು ಇದೆಯಲ್ಲ, ಪ್ರಿನ್ಸಿಪಾಲರು ನನಗೂ ಹೇಳಿಕಳಿಸಿದ್ದಾರೆ, ಕಣ್ಣಾರೆ ನೋಡುತ್ತೇನೆ. ಮಗಳು ಮರ್ಯಾದೆ ಬಿಟ್ಟು ನಡೆದುಕೊಂಡದ್ದು ಕಂಡರೆ ಅಲ್ಲಿಂದಲೇ ಪೆಟ್ಟಿಗೆ ಸಮೇತ ಬಸ್ಸು ಹತ್ತಿಸುತ್ತೇನೆ.

ಚಂದ್ರಯ್ಯನವರಿಗೆ ಬಿಸಿತುಪ್ಪ. ಉಗುಳುವಂತಿಲ್ಲ, ನುಂಗುವಂತಿಲ್ಲ. ಓದಿಸುತ್ತೇನೆಂದು ಮಾತು ಕೊಟ್ಟು ಕರೆತಂದ ಹುಡುಗಿ ತನ್ನ ಸೀಟಿಯಿಂದಲೇ ಓದು ಕಳೆದುಕೊಳ್ಳುವುದೇ? ಊಟಕ್ಕೆ ಕೂತಾಗ ಮೆಲ್ಲಗೆ ಹೇಳಿ ನೋಡಿದರು: ಆ ದಿನ ಒಂದು ನೀನು ತಂಡ ನಡೆಸಬೇಡ ತಾಯಿ, ಗಣಿತದ ಮೇಷ್ಟ್ರೇ ಬಂದು ಕೆಮ್ಮಲಿ, ನೀನು ತಲೆತಗ್ಗಿಸಿ ಹಿಂದೆ ನಡಿ, ನಿನ್ನ ಓದು ಉಳಿದರೆ ಸಾಕು.

ನೀಲಾಂಬಿಕೆ ಮುದ್ದೆ ಮುರಿಯುತ್ತಿದ್ದ ಕೈ ನಿಲ್ಲಿಸಿದಳು. "ಮಾವ, ಬೆಂಕಿ ಬಿದ್ದ ದಿನಾನೂ ಗಣಿತದ ಮೇಷ್ಟ್ರಿಗೆ ಕಾಯಾನಾ? ನೀವು ಇದ್ನ ಆಟಕ್ಕೆ ಕಲಿಸಿದ್ರೋ, ನಿಜಕ್ಕೆ ಕಲಿಸಿದ್ರೋ ಏಳ್ಬುಡಿ."

ಬಸವಲಿಂಗಮ್ಮ ಸಾರಿನ ಸೌಟು ಹಿಡಿದುಕೊಂಡೇ ಗಂಡನ ಮುಖ ನೋಡಿದಳು. ನಿಜಕ್ಕೇ ಕಣವ್ವ ಅಂದು ಅವರು ತಲೆಬಗ್ಗಿಸಿ ಉಂಡರು.

ತಾಲೀಮಿನ ದಿನ ಬಂತು. ಕಾಲೇಜಿನ ದೊಡ್ಡ ಹಾಲ್‌ನಲ್ಲಿ ಗಣ್ಯರು ಕೂತಿದ್ದರು: ಅಮಲ್ದಾರರು, ಮುನ್ಸಿಪಾಲಿಟಿ ಅಧ್ಯಕ್ಷರು, ಪಂಡಿತರು, ನಾಲ್ಕಾರು ಸಾಹುಕಾರರು, ಅವರ ನಡುವೆ ಕಂಬದ ಹಾಗೆ ಈಶ್ವರಯ್ಯನವರು. ಪ್ರಿನ್ಸಿಪಾಲರು ಇಂಗ್ಲಿಷಿನಲ್ಲಿ ಭಾಷಣ ಮಾಡುತ್ತಿದ್ದರು. ನಿಜದ ಹಾಗೆ ಕಾಣಲಿ ಅಂತ ಚಂದ್ರಯ್ಯನವರು ಕಿಟಕಿಯ ಆಚೆ ಒದ್ದೆ ಹುಲ್ಲಿಗೆ ಬೆಂಕಿ ಕೊಟ್ಟು ಹೊಗೆ ಎಬ್ಬಿಸಿದರು. ಗಂಟೆ ಬಡಿಯಿತು. ಕೋಣೆಗಳು ಖಾಲಿಯಾದವು. ಹಿಂದಿನಿಂದ ಸೀಟಿ ಕೇಳಿತು. ಹುಡುಗಿಯರ ಸಾಲು ಗೋಣಿಮರ ಸೇರಿತು. ಆದರೆ ಹಾಲಿನ ಬಾಗಿಲಿಂದ ಒಂದು ನರಪಿಳ್ಳೆಯೂ ಹೊರಗೆ ಬರಲಿಲ್ಲ.

ಆದದ್ದಿಷ್ಟೆ. ಗಣ್ಯರೆಲ್ಲ ಎದ್ದು ಬಾಗಿಲ ತನಕ ಬಂದಿದ್ದರು. ಅಲ್ಲಿ ಅಮಲ್ದಾರರು ಸರಿದು ನಿಂತು, ಹಿರಿಯರು ನೀವು ಮುಂದೆ ಅಂದರು. ಅಧ್ಯಕ್ಷರು, ಛೆ ಛೆ, ತಾವಿರುವಾಗ ನಾನೇ ಅಂದರು. ಪ್ರಿನ್ಸಿಪಾಲರು ಅತಿಥಿಗಳಿಗಿಂತ ಮೊದಲು ಕಾಲಿಡುವವರಲ್ಲ. ಪಂಡಿತರು ಈಶ್ವರಯ್ಯನವರಿಗೆ ದಯಮಾಡಿಸಬೇಕು ಎಂದು ಕೈ ತೋರಿದರು. ಈಶ್ವರಯ್ಯನವರು ಪಂಡಿತರಿಗೆ ಕೈ ಮುಗಿದು ಅಲ್ಲೇ ನಿಂತರು. ಹಾಲಿನ ಹೊಣೆ ಹೊತ್ತಿದ್ದ ಪುಟ್ಟಸ್ವಾಮಿ, ಯಾವ ಕಿಟಕಿಯನ್ನಾದರೂ ಹಾರಬಲ್ಲ ಆ ಪುಂಡ, ದೊಡ್ಡವರಿಗೆ ನಡೀರಿ ಅನ್ನಲು ಬಾಯಿ ಬಾರದೆ ಕೈಕಟ್ಟಿಕೊಂಡು ನಿಂತಿದ್ದ. ಅಷ್ಟರಲ್ಲಿ ಗಾಳಿ ತಿರುಗಿತು. ಹುಲ್ಲಿನ ಹೊಗೆಯೆಲ್ಲ ಕಿಟಕಿಯಿಂದ ಹಾಲಿನೊಳಕ್ಕೇ ನುಗ್ಗಿತು. ಎಲ್ಲರೂ ಕೆಮ್ಮಿದರು. ಕಣ್ಣಲ್ಲಿ ನೀರು ಸುರಿಯಿತು. ಆದರೂ ನೀವು ಮೊದಲು, ನೀವು ಮೊದಲು ನಿಲ್ಲಲಿಲ್ಲ. ಮುನ್ಸಿಪಾಲಿಟಿ ಅಧ್ಯಕ್ಷರು ಎದೆ ಹಿಡಿದುಕೊಂಡು ಗೋಡೆಗೆ ಒರಗಿದರು.

ಬಯಲಿಂದ ನೋಡುತ್ತಿದ್ದ ಚಂದ್ರಯ್ಯನವರಿಗೆ ಕಿಟಕಿಯೊಳಕ್ಕೆ ನುಗ್ಗುವ ಹೊಗೆ ಕಂಡಿತು. ಓಡಕೂಡದೆಂದು ಹುಡುಗರಿಗೆ ಬುದ್ಧಿ ಹೇಳಿದವರು ತಾವೇ ಓಡಿದರು. ಆದರೆ ಅವರಿಗಿಂತ ಮುಂದೆ ನೀಲಾಂಬಿಕೆ ಹೋಗುತ್ತಿದ್ದಳು. ಬೇಡ ಅನ್ನಬೇಕೆಂದರೆ ಉಸಿರು ಸಾಲಲಿಲ್ಲ. ಅಪ್ಪನ ಕಣ್ಣೆದುರು ಹೋಗಬೇಡವೇ ಮಗಳೇ, ನಿನ್ನ ಓದು ಮುಗಿಯಿತು ಅಂತಲೇ ಮನಸ್ಸು ಕೂಗುತ್ತಿತ್ತು.

ಅವಳು ಬಾಗಿಲಲ್ಲಿ ನಿಂತು ಒಳಗಿನ ಮುಖಗಳನ್ನು ನೋಡಿದಳು. ಅಮಲ್ದಾರರಿಗೆ ಹೇಳುವ ಹಾಗಿಲ್ಲ. ಪ್ರಿನ್ಸಿಪಾಲರಿಗೆ ಹೇಳುವ ಹಾಗಿಲ್ಲ. ಆ ಗುಂಪಿನಲ್ಲಿ ಅವಳು ಜೋರು ಮಾಡಬಹುದಾದ ಮನುಷ್ಯ ಒಬ್ಬರೇ ಇದ್ದರು. ಅವರೊಬ್ಬರ ಮುಂದೆಯೇ ಅವಳು ಹುಟ್ಟಿದಾಗಿನಿಂದ ದನಿ ಎತ್ತಿರಲಿಲ್ಲ.

"ಅಪ್ಪಾಜಿ," ಅಂದಳು, "ಮರ್ವಾದೆ ಎಲ್ಲ ಆಚೆ ಬಂದ್ಮೇಲೆ. ಸುಮ್ಕೆ ನಡೀರಿ ಮುಂದಕ್ಕೆ."

ಈಶ್ವರಯ್ಯನವರು ಮಗಳನ್ನು ನೋಡಿದರು. ಆಮೇಲೆ ರುಮಾಲು ಸರಿಮಾಡಿಕೊಂಡು, ಯಾರಿಗೂ ಕೈಮುಗಿಯದೆ, ಹೊಸಿಲು ದಾಟಿ ನಡೆದರು. ಒಬ್ಬರು ದಾಟಿದ್ದೇ ಸಾಕಾಯಿತು, ಉಳಿದವರೂ ಹಿಂದೆಯೇ ಹೊರಬಿದ್ದರು. ಪುಟ್ಟಸ್ವಾಮಿ ಅಧ್ಯಕ್ಷರನ್ನು ಹೆಗಲು ಕೊಟ್ಟು ಕರೆತಂದ. ನೀಲಾಂಬಿಕೆ ಒಳಗೆ ಹೋಗಿ ಕುರ್ಚಿಗಳ ಸಂದಿಯನ್ನೆಲ್ಲ ನೋಡಿ ಬಾಗಿಲು ಎಳೆದುಕೊಂಡು ಬಂದಳು.

ಮರದ ಕೆಳಗೆ ಎಲ್ಲರಿಗೂ ಉಪ್ಪಿಟ್ಟು ಕಾಫಿ ಆಯಿತು. ಅಧ್ಯಕ್ಷರು ಎರಡು ಲೋಟ ನೀರು ಕುಡಿದು ಚೇತರಿಸಿಕೊಂಡರು. ಬಸ್ಸಿನ ಹೊತ್ತಾದಾಗ ಈಶ್ವರಯ್ಯನವರು ಚಂದ್ರಯ್ಯನವರನ್ನು ಕರೆದುಕೊಂಡು ಹೊರಟರು. ದಾರಿಯುದ್ದಕ್ಕೂ ಚಂದ್ರಯ್ಯನವರು ಬೇಡಿಕೊಳ್ಳುವ ಮಾತುಗಳನ್ನು ಒಳಗೊಳಗೇ ಜೋಡಿಸಿಕೊಂಡರು. ಮನೆಯಲ್ಲಿ ಬಸವಲಿಂಗಮ್ಮ, ಯಾವಾಗ ಹೇಳಿಕಳಿಸುತ್ತಾರೋ ಎಂದು, ಹುಡುಗಿಯ ಪೆಟ್ಟಿಗೆ ತುಂಬುತ್ತ ಕೂತಿರುವುದು ಅವರಿಗೆ ಗೊತ್ತಿತ್ತು.

ಬಸ್ಸು ನಿಲ್ಲುವ ಜಾಗದಲ್ಲಿ ಈಶ್ವರಯ್ಯನವರು ಬಾಯಿಬಿಟ್ಟರು. "ಭಾವ, ನಮ್ಮವ್ವ ತೀರ್ಕಂಡು ಇಪ್ಪತ್ತೊರ್ಸಾಯ್ತು. ಅಂಗಡೀಲಿ, ಮನೇಲಿ, ಊರಲ್ಲಿ, ಎಲ್ರೂ ನನ್ನ ಕಂಡ್ರೆ ಪಕ್ಕಕ್ಕೆ ಸರೀತಾರೆ. ಸುಮ್ಕೆ ನಡಿ ಅಂತ ನಂಗೆ ಏಳೋರು ಅವ್ವ ಹೋದ್ಮೇಲೆ ಯಾರೂ ಇರ್ನಿಲ್ಲ." ಅಷ್ಟು ಹೇಳಿ ರುಮಾಲಿನ ಸೆರಗಲ್ಲಿ ಕಣ್ಣೊರೆಸಿಕೊಂಡರು. ಆಗ ಅಲ್ಲಿ ಹೊಗೆ ಇರಲಿಲ್ಲ.

ಬಸ್ಸು ಬಂತು. ಎಷ್ಟು ಜನ ಎಂದು ಕಂಡಕ್ಟರು ಕೇಳಿದ. "ನಾನೊಬ್ನೇ ಕಣಪ್ಪ. ಮಗಳು ಇಲ್ಲೇ ಓದ್ತಾಳೆ," ಅಂದು ಹತ್ತಿ ಕೂತರು.

ಚಂದ್ರಯ್ಯನವರು ಬೀದಿಯೆಂದು ನೋಡದೆ ಮನೆಯ ತನಕ ಓಡಿದರು. ಪೆಟ್ಟಿಗೆಯ ಮುಂದೆ ಕೂತಿದ್ದ ಬಸವಲಿಂಗಮ್ಮನ ಪಕ್ಕ ಕುಕ್ಕರಿಸಿದರು. ಮಡಿಸಿಟ್ಟಿದ್ದ ಲಂಗ ದಾವಣಿಗಳನ್ನು ಒಂದೊಂದಾಗಿ ಪೆಟ್ಟಿಗೆಯಿಂದ ತೆಗೆದು ಅವಳ ಮಡಿಲಿಗೆ ಹಾಕತೊಡಗಿದರು.