ಕುಸ್ಕಾದ ಹಂಡೆ

ಆ ಉಪಾಯ ನನ್ನದೇ. ಇವತ್ತಿಗೂ ನೆನೆದರೆ ಮೈ ಉರಿಯುತ್ತದೆ.

ಪೀಳಮೇಡಿನ ಕಡೆ ಒಂದು ಚರ್ಚಿನ ಹಬ್ಬದೂಟ. ನಾನು ಅಡುಗೆ ಕಾಂಟ್ರಾಕ್ಟರ್. ಹುಟ್ಟೂರು ಮಡತ್ತುಕುಳಂ ಬಿಟ್ಟು ಬಂದು, ಪಾತ್ರೆ ತೊಳೆಯುವುದರಿಂದ ಶುರುಮಾಡಿ ಮೇಲೆ ಬಂದವನು. ಚರ್ಚ್ ಕಮಿಟಿಯ ಹಿರಿಯರೊಬ್ಬರು ರೇಟು ಇಳಿಸಿ ಅಂತ ಹಟ ಹಿಡಿದರು. ಮಟನ್ ವಿಷಯದಲ್ಲಿ ನಾನು ಇಳಿಯುವವನಲ್ಲ.

"ಹಾಗಾದರೆ ಎರಡು ಹಂಡೆ ಇಡೋಣ ಸಾರ್," ಎಂದೆ. "ಒಂದರಲ್ಲಿ ಮಟನ್ ಬಿರಿಯಾನಿ. ಇನ್ನೊಂದರಲ್ಲಿ ಕುಸ್ಕಾ, ಅದೇ ಅನ್ನ, ಮಾಂಸ ಇರಲ್ಲ ಅಷ್ಟೆ. ವಾಲ್ಪಾರೈ ಬೆಟ್ಟದ ಟೀ ಎಸ್ಟೇಟಿನ ಕೂಲಿಯವರು ಹೇಗೂ ತಡವಾಗಿ ಬರ್ತಾರೆ, ಕೊನೇ ಪಂಕ್ತಿಗೆ ಅದು ಸಾಕು."

ಹಿರಿಯರು ಬೆನ್ನು ತಟ್ಟಿದರು. ನಾನೂ ಉಬ್ಬಿದೆ.

ಹಬ್ಬದ ದಿನ ಒಲೆಯ ಹತ್ತಿರ ನಿಂತರೆ ಚರ್ಚಿನ ಒಳಗೆ ಕಾಣುತ್ತಿತ್ತು. ಫಾದರ್ ಪರಮಪ್ರಸಾದ ಕೊಡುತ್ತಿದ್ದರು. ಕಾರಿನಲ್ಲಿ ಬಂದವರಿಗೂ, ಘಾಟಿ ಇಳಿದ ಬಸ್ಸಿನಿಂದ ಆಗಷ್ಟೇ ಓಡಿಬಂದ ಎಸ್ಟೇಟಿನವರಿಗೂ ಅದೇ ಬಿಳಿ ರೊಟ್ಟಿಯ ಬಿಲ್ಲೆ, ಅದೇ ಅಳತೆ. ಸಾಲು ಇನ್ನೂ ಮುಗಿದಿರಲಿಲ್ಲ. ಮೊದಲು ತೆಗೆದುಕೊಂಡವರು ಆಗಲೇ ಎಲೆಯ ಮುಂದೆ ಕೂತಿದ್ದರು.

ನನ್ನಲ್ಲಿ ಈರುಳ್ಳಿ ಹೆಚ್ಚುವ ಅಕ್ಕ ಆ ಎಸ್ಟೇಟಿನ ಕೂಲಿ ಲೈನ್ ಮನೆಯಲ್ಲೇ ಹುಟ್ಟಿದವರು. ಅವರ ತಾಯಿಯೂ ಆ ಬಸ್ಸಿನಲ್ಲಿ ಬಂದಿದ್ದರು. ಕೊನೇ ಪಂಕ್ತಿಯಲ್ಲಿ ತಾಯಿಗೆ ಕುಸ್ಕಾ ಬಡಿಸಿದ್ದು ಅಕ್ಕನೇ. ಅಜ್ಜಿ ಬೆರಳಿನಿಂದ ಅನ್ನ ಕೆದಕಿ ಕೆದಕಿ ನೋಡಿದರು.

"ಅಡಿಯಲ್ಲಿರಬಹುದು," ಅಂದರು.

ನನಗೆ ತಡೆಯಲಾಗಲಿಲ್ಲ. ಹಿರಿಯರ ಬಳಿ ಹೋಗಿ, "ಇದು ನ್ಯಾಯವಾ ಸಾರ್?" ಎಂದೆ.

"ನೀವೇ ಕೊಟ್ಟ ಐಡಿಯಾ ಅಲ್ವಾ ಮಾಸ್ಟರ್?" ಹಲ್ಲಿನ ಸಂದಿಯ ಮಾಂಸ ಕೀಳುತ್ತ ನಕ್ಕರು.

ಮರುದಿನ ಅಕ್ಕ ತಮಿಳು ಬೈಬಲ್ ತಂದು ಈರುಳ್ಳಿ ಮೂಟೆಯ ಮೇಲೆ ಬಿಚ್ಚಿಟ್ಟರು. "ಓದಿ ಮಾಸ್ಟರ್. ನಿಮ್ಮ ಐಡಿಯಾ ಹೊಸದೇನಲ್ಲ."

ಕೊರಿಂಥ ಎಂಬ ಊರಿನ ಸಭೆಗೆ ಬರೆದ ಪತ್ರ ಅದು. ಆಗ ಪ್ರಸಾದ ಅಂದರೆ ಬಿಲ್ಲೆ ಮಾತ್ರವಲ್ಲ, ಯೇಸು ಶಿಷ್ಯರ ಜೊತೆ ಉಂಡ ಕೊನೆಯ ಊಟದ ನೆನಪಿಗೆ ಎಲ್ಲರೂ ಕೂಡಿ ಉಣ್ಣುವ ಪೂರ್ತಿ ಊಟ. ಅಲ್ಲಿಯೂ ಉಳ್ಳವರು ಮೊದಲೇ ಉಂಡು ಕುಡಿದು ಮುಗಿಸುತ್ತಿದ್ದರಂತೆ, ಇಲ್ಲದವರು ಹಸಿದೇ ಕೂರುತ್ತಿದ್ದರಂತೆ. ಬರೆದವರು ಸರಿಯಾಗಿ ಉಗಿದಿದ್ದಾರೆ: ಇಲ್ಲದವರ ಮಾನ ಕಳೆಯುವ ಊಟ ಪ್ರಭುವಿನ ಊಟವೇ ಅಲ್ಲ, ಎಲ್ಲರೂ ಬರುವವರೆಗೆ ಕಾಯಬೇಕು ಎಂದು. ಆ ಉಗುಳು ನನ್ನ ಮುಖಕ್ಕೇ ಬಿದ್ದ ಹಾಗಾಯಿತು.

"ಇಷ್ಟು ಗೊತ್ತಿದ್ದೂ ಬಡಿಸಿದಿರಲ್ಲಕ್ಕಾ?"

"ಹಂಡೆ ನಿಮ್ಮದು, ಸೌಟು ನಿಮ್ಮದು. ನಾನು ಈರುಳ್ಳಿಯವಳು."

ಮುಂದಿನ ವರ್ಷ ಅದೇ ಹಿರಿಯರು ಬಂದರು. ಅದೇ ರೇಟಿಗೆ ಒಂದೇ ಹಂಡೆ, ಎಲ್ಲರಿಗೂ ಮಟನ್, ತುಂಡು ಚಿಕ್ಕದು, ಮುಚ್ಚಳ ತೆಗೆಯುವುದು ನಾನೇ ಎಂದೆ. ಒಪ್ಪಿದರು. ಯಾವ ವ್ಯಾಪಾರದಲ್ಲೂ ಇಂಥ ಮಾತು ಮುಂಗಡಕ್ಕೆ ಮುಂಚೆ ಮುಗಿಸಿಬಿಡಿ. ಆಮೇಲೆ ಆಡಿದರೆ ಜಗಳವಾಗುತ್ತದೆ.

ಹಾಗಿದ್ದರೂ ಜಗಳ ಆಯಿತು. ಚರ್ಚಿನೊಳಗೆ ಪೂಜೆ ಮುಗಿದರೂ ಎಸ್ಟೇಟಿನ ಬಸ್ಸಿಲ್ಲ. ಎಲೆಯ ಮುಂದೆ ಕೂತವರು ಟೇಬಲ್ ಬಡಿಯತೊಡಗಿದರು.

"ದಮ್ ಆಗಿಲ್ಲ, ಹಬೆಯಲ್ಲಿ ಇನ್ನೂ ಬೇಯಬೇಕು," ಎಂದೆ. ಆಗಿತ್ತು.

"ಬಿರಿಯಾನಿ ಮಾಡೋನು ನಮಗೆ ಉಪದೇಶ ಮಾಡ್ತೀಯಾ?" ಹಿರಿಯರು ಕೂಗಿದರು. ಮಾಸ್ಟರ್ ಹೋಗಿ ಏಕವಚನ ಬಂದಿತ್ತು.

"ನಿಮ್ಮ ಪುಸ್ತಕದಲ್ಲೇ ಇದೆ, ಹೋಗಿ ಓದಿ!"

ಮುಚ್ಚಳದ ಮೇಲೆ ಕೆಂಡವಿತ್ತು. ಕೈ ಹಾಕಲು ಯಾರಿಗೂ ಧೈರ್ಯ ಬರಲಿಲ್ಲ. ಬಸ್ಸಿನವರು ಬಂದು, ಎಲ್ಲೆಲ್ಲಿ ಎಲೆ ಖಾಲಿಯಿತ್ತೋ ಅಲ್ಲಲ್ಲಿ, ಇವರ ನಡುವೆಯೇ ಕೂತ ಮೇಲೆ ಕೆಂಡ ಸರಿಸಿದೆ. ಆ ಆರ್ಡರು ಮತ್ತೆ ನನಗೆ ಬರಲಿಲ್ಲ. ಹೋಗಲಿ.

ಅಜ್ಜಿ ಮೊದಲ ತುತ್ತಿಗೇ ತಲೆ ಎತ್ತಿದರು. "ಉಪ್ಪು ಕಮ್ಮಿ ತಂಬಿ."

ಕಮ್ಮಿಯೇ ಇತ್ತು. ಬೆಳಗಿನಿಂದ ಸಿಟ್ಟಿನಲ್ಲೇ ಬೇಯಿಸಿದ್ದೆ. ಅಕ್ಕ ಉಪ್ಪಿನ ಬಟ್ಟಲು ತಂದು ಮೊದಲು ತಾಯಿಯ ಎಲೆಗೆ ಹಾಕಿದರು, ಆಮೇಲೆ ಪಕ್ಕದಲ್ಲಿ ಕೂತಿದ್ದ ಹಿರಿಯರ ಎಲೆಗೆ.