ಏಳು ಹೊಲದ ಚಿಗರಿ ಹಿಂಡು

ಆ ವರ್ಷ ಮಸ್ಕಿ ಸೀಮೆಯ ನಮ್ಮೂರಲ್ಲಿ ಚಿಗರಿಗಳು, ಅಂದರೆ ಜಿಂಕೆಗಳು, ಕಡಲೆ ಬೆಳೆಯನ್ನೆಲ್ಲ ಮೇಯುತ್ತಿದ್ದವು. ಸಂಖ್ಯೆ ಹೆಚ್ಚಿದ್ದರೆ ಅರ್ಧದಷ್ಟನ್ನು ಗುಂಡಿಕ್ಕಿ ಕೊಲ್ಲಲು ನಮಗೆ ಪರವಾನಗಿ ಕೊಡಲು ಅರಣ್ಯ ಇಲಾಖೆಯ ಜಂಗಲ್ ಸಾಹೇಬರು ಬಂದರು. ನಾವು ಒಬ್ಬೊಬ್ಬರೂ ನಮ್ಮ ಹೊಲದಲ್ಲಿ ಕಂಡಷ್ಟನ್ನು ಹೇಳಿದೆವು. ಕೂಡಿಸಿದರೆ ಅಡವಿ ತುಂಬುವಷ್ಟಾದವು. ಸಾಹೇಬರು ಪರವಾನಗಿ ಕಾಗದಕ್ಕೆ ಸಹಿ ಹಾಕಹೋದರು.

ಕುರಿ ಕಾಯುವ ನಿಂಗವ್ವ ತಡೆದಳು. "ಸಾಹೇಬ್ರ, ಒಂಟಿಕೊಂಬಿನ ಗಂಡು ಚಿಗರಿ ಯಾರ‍್ಯಾರ ಹೊಲದಾಗ ಬರತೈತಿ, ಕೇಳ್ರಿ."

ಏಳು ಕೈ ಎದ್ದವು, ನನ್ನದೂ ಸೇರಿ.

"ಅಂಥಾದ್ದು ಇರೂದು ಒಂದ ರೀ. ಒಂದ ಹಿಂಡು ಏಳೂ ಹೊಲ ತಿರುಗೇತಿ!"

ಸಾಹೇಬರು ನಕ್ಕು ಕಾಗದ ಮಡಚಿದರು. "ಕೊಲ್ಲೂದು ಬ್ಯಾಡ. ಸುಗ್ಗಿತನಕ ಪಾಳಿ ಹಚ್ಚಿ ಕಾಯ್ರಿ."

ಹಾಗೇ ಕಾದೆವು, ಬೆಳೆಯೂ ಉಳಿಯಿತು, ಹಿಂಡೂ ಉಳಿಯಿತು. ನನ್ನ ಪಾಳಿಯಲ್ಲಿ ಮಾತ್ರ, ನಾನು ಲಿಂಗಪೂಜೆ ಮುಗಿಸಿ ಹೊಲಕ್ಕೆ ಹೋಗುವಷ್ಟರಲ್ಲಿ ಚಿಗರಿಗಳ ಪ್ರಸಾದ ಮುಗಿದಿರುತ್ತಿತ್ತು.